ಇಯರ್‌ಫೋನಿನ ಜೋಪಾನವೂ ಕಿವಿಯ ಜೋಪಾನವೂ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಈಗ ಓದುವವರಂತೆಯೇ ಕೇಳುವವರೂ ಇದ್ದಾರೆ. ದಿನಪತ್ರಿಕೆಗಳ ಮೇಜಿನ ಆಚೆ, ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ, ತಲೆಗೆ ಹೆಡ್‌ಫೋನು ಏರಿಸಿಕೊಂಡು ಗಣಿತದ ಪಾಠ ಕೇಳುವ ಹುಡುಗರನ್ನು ವಾಚಕರು ನೋಡಿರಬಹುದು. ಇವರಲ್ಲಿ ಹೆಚ್ಚಿನವರು ಹಗಲು ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು, ೧೭ ನಂಬರ ಫಾರ್ಮು ತುಂಬಿ, ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕೂರತಕ್ಕವರು. ಪಾಠವನ್ನು ಕಣ್ಣಿನಿಂದ ಓದುವಷ್ಟು ಹೊತ್ತು ಅವರಿಗೆ ಸಿಕ್ಕುವುದಿಲ್ಲ. ಕಿವಿಯಿಂದ ಕೇಳುವಷ್ಟು ಸಿಕ್ಕುತ್ತದೆ.

ಕಳೆದ ಆಟಿ ತಿಂಗಳಿನ ಒಂದು ಸಂಜೆ ಇಂತಹ ಹುಡುಗನೊಬ್ಬ ಪಾಠದ ನಡುವೆ ಹೆಡ್‌ಫೋನು ತೆಗೆದು, "ಅಣ್ಣಾ, ಇದರ ಬಲಬದಿ ಹಾಳಾಗಿದೆ, ಮಾತೇ ಬರುದಿಲ್ಲ" ಎಂದ. ನಾವು ಹಾಕಿ ನೋಡಿದೆವು. ಎರಡು ಬದಿಯೂ ಸರಿಯಾಗಿಯೇ ಇತ್ತು. "ತಿರುಗಿಸಿ ಹಾಕಿಕೋ ನೋಡುವಾ" ಎಂದೆವು. ಅವನು ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಇನ್ನೊಂದು ಬದಿ ಬರುದಿಲ್ಲ" ಎಂದ. ಹಾಳಾಗಿದ್ದುದು ಹೆಡ್‌ಫೋನಲ್ಲ, ಬಲಗಿವಿ ಎಂಬುದು ಅವನಿಗೂ ನಮಗೂ ಒಂದೇ ಗಳಿಗೆಯಲ್ಲಿ ತಿಳಿಯಿತು. ಹುಡುಗನ ಮುಖ ಸಣ್ಣದಾಯಿತು.

ವಿಚಾರಿಸಿದಾಗ ಸಂಗತಿ ಹೊರಬಿತ್ತು. ಹತ್ತು ದಿನಗಳಿಂದ ಕಿವಿ ನವೆಯುತ್ತಿತ್ತು. ಬೆಂಕಿಕಡ್ಡಿಯಿಂದ ಕೆರೆದುಕೊಂಡಿದ್ದ. ಖೋಲಿಯಲ್ಲಿ ಹಿರಿಯನೊಬ್ಬ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸಿ ಎರಡು ಸಲ ಬಿಟ್ಟಿದ್ದ. ಹೋಟೆಲಿನಲ್ಲಿ ಗಿರಾಕಿ ಹೇಳಿದ್ದೊಂದು, ಇವನು ಒಳಗೆ ಕೂಗಿದ್ದೊಂದು ಆಗಿ, ಎರಡು ಸಲ ಬೈಸಿಕೊಂಡೂ ಆಗಿತ್ತು. ಟೇಬಲು ಬಿಟ್ಟು ಪಾತ್ರೆ ತೊಳೆಯುವ ಕಡೆಗೆ ಹಾಕುವ ಮಾತೂ ಬಂದಿತ್ತಂತೆ. ಮಾರನೆಯ ದಿನ ನಾವೇ ಮಹಾನಗರಪಾಲಿಕೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಬೂಷ್ಟು ಹಿಡಿದಿದೆ ಎಂದರು. ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಹಿಡಿಯುವಂತಹ ಬೂಷ್ಟೇ ಮನುಷ್ಯನ ಕಿವಿಗೂ ಹಿಡಿಯುತ್ತದೆ ಎಂಬುದು ನಮಗೆ ಅಂದು ಗೊತ್ತಾದ ವಿಷಯ. ಶುಚಿ ಮಾಡಿ, ಕಿವಿಗೆ ಬಿಡುವ ಮದ್ದು ಬರೆದುಕೊಟ್ಟು, ಮೂರು ವಾರ ಕಿವಿಗೆ ನೀರೂ ಸೋಕಬಾರದು, ಎಣ್ಣೆಯೂ ಬೀಳಬಾರದು, ಕಡ್ಡಿಯೂ ಹೋಗಬಾರದು ಎಂದರು. ಕೊನೆಗೆ, "ಇಯರ್‌ಫೋನು ಹಾಕುತ್ತೀಯಾ? ಒಬ್ಬನೇ ಹಾಕುತ್ತೀಯೋ, ಹಂಚಿಕೊಳ್ಳುತ್ತೀಯೋ?" ಎಂದು ಕೇಳಿದರು. ಖೋಲಿಯಲ್ಲಿ ಐದು ಮಂದಿಗೆ ಒಂದೇ ಇಯರ್‌ಫೋನು ಎಂದು ಅವನು ಹೇಳಿದ. ವಾಚನಾಲಯದ ಹೆಡ್‌ಫೋನಿನ ಮಾತನ್ನು ಅವನು ಎತ್ತಲಿಲ್ಲ. ನಾವೂ ಎತ್ತಲಿಲ್ಲ; ಆದರೆ ಗಾಡಿಯಲ್ಲಿ ಬರುವಾಗ ಅದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಆ ಸಂಜೆ ವಾಚನಾಲಯದ ಎರಡು ಹೆಡ್‌ಫೋನುಗಳನ್ನೂ ಮೇಜಿನ ಮೇಲಿಟ್ಟು ದೀಪದ ಕೆಳಗೆ ನೋಡಿದೆವು. ಕಿವಿಯ ಮೇಲೆ ಕೂರುವ ಮೆತ್ತೆಯ ಕಪ್ಪು ಚರ್ಮ ಹಪ್ಪಳೆಯೆದ್ದು ಉದುರುತ್ತಿತ್ತು. ಹೊಲಿಗೆಯ ಸಂದಿಯಲ್ಲಿ ಬೆವರೂ ತಲೆಯ ಎಣ್ಣೆಯೂ ಧೂಳೂ ಸೇರಿ ಕೀಲೆಣ್ಣೆಯಂತಹ ಜಿಡ್ಡು ಕಟ್ಟಿತ್ತು. ಮೂಸಿದರೆ ಒದ್ದೆ ಬಟ್ಟೆಯ ವಾಸನೆ. ಹುಡುಗನ ಬೂಷ್ಟು ಇಲ್ಲಿಂದಲೇ ಬಂತೆಂದು ನಾವು ಹೇಳಲಾರೆವು. ವೈದ್ಯರ ಮಾತಿನ ಪ್ರಕಾರ ತೇವ, ಗಾಳಿಯಾಡದ ಕಿವಿ, ಕೆರೆದ ಗಾಯ, ಇವು ಮೂರೇ ಮುಖ್ಯ ಕಾರಣಗಳು, ಹಂಚಿಕೊಳ್ಳುವುದು ಅದಕ್ಕೆ ಕೂಡುವ ನಾಲ್ಕನೆಯದು. ಆದರೂ ದಿನವೂ ಪುಸ್ತಕದ ಧೂಳು ಒರೆಸುವ ನಾವು, ಒಂದು ವರ್ಷದಿಂದ ಹತ್ತಾರು ಜನ ಕಿವಿಗೆ ಒತ್ತಿಕೊಳ್ಳುತ್ತಿದ್ದ ಈ ವಸ್ತುವನ್ನು ಒಮ್ಮೆಯೂ ಒರೆಸಿರಲಿಲ್ಲ. ಈ ಲೇಖನ ಅಂದಿನಿಂದ ಕೇಳಿ, ಓದಿ, ಕೈಯಾರೆ ಮಾಡಿ ಕಲಿತದ್ದರ ವರದಿ.

ಮೊದಲು ಹವೆಯ ಮಾತು. ಬೊರಿವಲಿಯ ಪಶ್ಚಿಮಕ್ಕೆ ಗೊರಾಯಿಯ ಖಾರಿ, ಅದರಾಚೆ ಸಮುದ್ರ. ಪೂರ್ವಕ್ಕೆ ರಾಷ್ಟ್ರೀಯ ಉದ್ಯಾನದ ಕಾಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು ವಾಡಿಕೆ. ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ನೂರಕ್ಕೆ ಎಂಬತ್ತನ್ನು ದಾಟಿಯೇ ಇರುತ್ತದೆ. ಉಪ್ಪಿನ ಭರಣಿ ನೀರೊಡೆಯುವ, ಡಬ್ಬದ ಹಪ್ಪಳ ಮೆತ್ತಗಾಗುವ ಈ ಹವೆಯಲ್ಲಿ, ಬೆವರಿನಿಂದ ಒದ್ದೆಯಾದ ವಸ್ತು ತಾನಾಗಿ ಒಣಗೀತೆಂದು ನಂಬುವುದು ಹುಚ್ಚುತನ. ಮಳೆ ನಿಂತ ಮೇಲೆ ಅಕ್ಟೋಬರದ ಬಿಸಿಲು. ಆಮೇಲೆ ಚಳಿಗಾಲವೆಂಬ ಹೆಸರಿನ ಧೂಳಿನ ಕಾಲ. ಬೊರಿವಲಿಯಲ್ಲಿ ಯಾವ ಓಣಿಗೆ ಹೋದರೂ ಹಳೆಯ ಸೊಸಾಯಿಟಿ ಒಡೆದು ಗಗನಚುಂಬಿ ಕಟ್ಟುತ್ತಿರುವುದರಿಂದ ಸಿಮೆಂಟಿನ ಹುಡಿ ನಮ್ಮ ಪ್ರಜಾಹಕ್ಕಾಗಿಬಿಟ್ಟಿದೆ. ಹೋಟೆಲಿನ ಮಿತ್ರರಿಗೆ ಇದರ ಮೇಲೆ ಇಡ್ಲಿಯ ಆವಿ, ಒಗ್ಗರಣೆಯ ಹೊಗೆ. ನಮ್ಮಂತಹ ಗಿರಣಿಯವರಿಗೆ ಹತ್ತಿಯ ಧೂಳು.

ಗಿರಣಿ ಎಂದೊಡನೆ ಹಿರಿಯ ವಾಚಕರಿಗೆ ಪರೇಲ, ಲಾಲಬಾಗ ನೆನಪಾಗುವುದು ಸಹಜ. ೧೯೮೨ರ ಜನವರಿಯಲ್ಲಿ ಆರಂಭವಾದ ಮುಷ್ಕರದ ತರುವಾಯ ಅಲ್ಲಿಯ ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಈಗ ಗುಮಾಸ್ತನ ಟಿಫಿನ್ ಚೀಲ ಡಹಾಣೂ ಗಾಡಿ ಹಿಡಿದು ಉತ್ತರಕ್ಕೆ, ಬೊಯಿಸರದ ಕಡೆಗೆ ಹೊರಡುತ್ತದೆ. ಹೋಗುತ್ತ ಬರುತ್ತ ಗಾಡಿಯಲ್ಲೇ ಎರಡು ಮೂರು ತಾಸು. ಎದುರಿಗೆ ನಿಂತ ಹತ್ತು ಮಂದಿಯಲ್ಲಿ ಏಳು ಮಂದಿಯ ಕಿವಿಯಲ್ಲಿ ಏನಾದರೊಂದು ಸಿಕ್ಕಿಸಿರುತ್ತದೆ, ನಮ್ಮದರಲ್ಲೂ.

ಈ ವಸ್ತುವಿನ ಒಳಗೆ ಏನಿದೆ? ಬೇಳೆಯಷ್ಟು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ತೆಳ್ಳನೆಯ ಪೊರೆ. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಪೊರೆ ಅದುರುತ್ತದೆ, ಅದುರಿದ ಗಾಳಿ ನಮ್ಮ ಕಿವಿಯ ತಮಟೆಯನ್ನು ಅದುರಿಸುತ್ತದೆ. ಪೊರೆಯ ಮುಂದೆ ಒಂದು ಪುಟ್ಟ ಜಾಲರಿ ಉಂಟು. ಹಿಂದೆಯೋ ಪಕ್ಕದಲ್ಲೋ ಗಾಳಿಯಾಡಲು ಸೂಜಿಮೊನೆಯಷ್ಟು ಒಂದು ರಂಧ್ರ ಉಂಟು. ಇದನ್ನು ಕೊಳೆಯೆಂದು ತಿಳಿದು ಮುಚ್ಚಿದವರೂ ಇದ್ದಾರೆ, ರಂಧ್ರವೆಂದು ತಿಳಿದು ಚುಚ್ಚಿದವರೂ ಇದ್ದಾರೆ. ಎರಡೂ ತಪ್ಪು. ಮುಚ್ಚಿದರೆ ತಬಲೆಯ ಗುಂಗು ಹೋಗಿ ದನಿ ತಗಡಿನಂತಾಗುತ್ತದೆ. ಚುಚ್ಚಿದರೆ ಪೊರೆ ಹರಿಯಬಹುದು.

ತಲೆಗೆ ಏರಿಸುವ ಹೆಡ್‌ಫೋನು ಹೊಸದೇನಲ್ಲ. ಅಮೆರಿಕೆಯ ನಥಾನಿಯಲ್ ಬಾಲ್ಡ್ವಿನ್ ಎಂಬವನು ೧೯೧೦ರಲ್ಲಿ ತನ್ನ ಅಡಿಗೆಮನೆಯ ಮೇಜಿನ ಮೇಲೆ ಮಾಡಿದ್ದನ್ನು ಅಲ್ಲಿಯ ನೌಕಾದಳ ಕೊಂಡುಕೊಂಡಿತು. ಮುಂಬಯಿಯಲ್ಲಿ ರೇಡಿಯೋ ನಿಲಯ ೧೯೨೭ರ ಜುಲೈ ೨೩ರಂದು ಆರಂಭವಾಯಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 'ಆಕಾಶವಾಣಿ'ಯನ್ನು ೧೯೩೫ರಲ್ಲಿ ತೆರೆದರು. ಅಂದಿನ ಅಗ್ಗದ ರೇಡಿಯೋಗಳನ್ನು ಕಿವಿಗೆ ಹೆಡ್‌ಫೋನು ಹಚ್ಚಿಯೇ ಕೇಳಬೇಕಾಗಿತ್ತು. ಅಂದಿನದು ಲೋಹ, ಗಟ್ಟಿ ಬೇಕಲೈಟು. ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಇಂದಿನದಕ್ಕೆ ಮೆತ್ತೆ, ಸ್ಪಂಜು, ರಬ್ಬರು, ಬ್ಯಾಟರಿ. ಸುಖ ಹೆಚ್ಚಿದಷ್ಟೂ ಕೊಳೆ ಕೂರುವ ಸ್ಥಳವೂ ಹೆಚ್ಚಿತು.

ಇನ್ನು ಶುಚಿ ಮಾಡುವ ಕ್ರಮ. ಕಿವಿಯೊಳಗೆ ತೂರಿಸುವ ಬಗೆಯದಾದರೆ, ತುದಿಯ ಸಿಲಿಕೋನ್ ಟೊಪ್ಪಿಗೆಯನ್ನು ಮೊದಲು ಕಳಚಬೇಕು. ಬೆಚ್ಚನೆಯ ನೀರಿಗೆ ಒಂದೆರಡು ಹನಿ ಸೋಪು ಹಾಕಿ ಟೊಪ್ಪಿಗೆಯನ್ನು ಮಾತ್ರ ತೊಳೆದು, ಒರೆಸಿ, ಬಟ್ಟೆಯ ಮೇಲೆ ರಾತ್ರಿಯಿಡೀ ಬಿಡಬೇಕು. ಮಳೆಗಾಲದಲ್ಲಿ ಅವಸರಪಟ್ಟು ಒದ್ದೆ ಟೊಪ್ಪಿಗೆಯನ್ನೇ ತೊಡಿಸಿದರೆ ತೊಳೆಯದಿದ್ದುದೇ ಮೇಲಾಗಿತ್ತು ಎನ್ನಬೇಕಾಗುತ್ತದೆ. ಟೊಪ್ಪಿಗೆ ಸ್ಪಂಜಿನದಾದರೆ ನೆನೆಸಕೂಡದು. ಒಣಬಟ್ಟೆಯಿಂದ ಒರೆಸಿ, ಬಣ್ಣಗೆಟ್ಟಾಗ ಬದಲಾಯಿಸುವುದೇ ದಾರಿ.

ಜಾಲರಿಯ ಕೆಲಸ ನಾಜೂಕಿನದು. ಇಯರ್‌ಫೋನನ್ನು ಜಾಲರಿ ನೆಲ ನೋಡುವಂತೆ ಹಿಡಿದು, ಮೆತ್ತನೆಯ ಒಣ ಹಲ್ಲುಜ್ಜುವ ಬ್ರಶ್ಶಿನಿಂದ ಕೆಳಗಿನಿಂದ ಹಗುರವಾಗಿ ಗೀಚಬೇಕು. ಕೆಳಮುಖವಾಗಿ ಹಿಡಿಯುವುದೇತಕ್ಕೆಂದರೆ ಬಿಟ್ಟುಕೊಂಡ ಹುಡಿ ಹೊರಗೆ ಬೀಳಬೇಕು, ಒಳಗೆ ಹೋಗಬಾರದು. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಹತ್ತಿಯ ಕಡ್ಡಿಯ ತುದಿಗೆ ಒಂದೇ ಹನಿ ಸ್ಪಿರಿಟ್ ಮುಟ್ಟಿಸಿ, ಹಿಂಡಿ, ಜಾಲರಿಗೆ ತಾಗಿಸಿ ತಾಗಿಸಿ ತೆಗೆಯಬೇಕು. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಾದರೆ ಉತ್ತಮ, ಬೇಗ ಆರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಜರು ಬೇಡ. ಅದರಲ್ಲಿ ಗ್ಲಿಸರಿನ್ ಮೊದಲಾದವು ಇರುವುದರಿಂದ ಅಂಟು ಉಳಿದು ಧೂಳನ್ನು ಕರೆದು ಕೂರಿಸುತ್ತದೆ. ಬಾಯಿಂದ ಊದುವುದೂ ಬೇಡ, ಉಸಿರಿನಲ್ಲಿ ತೇವವಿದೆ.

ಸೂಜಿ, ಪಿನ್ನು, ಬೆಂಕಿಕಡ್ಡಿ ಇವಂತೂ ಹತ್ತಿರ ಬರಕೂಡದು. ಇದನ್ನು ನಾವು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಲೆಡ್ಜರಿಗೆ ಚುಚ್ಚುವ ಗುಂಡುಪಿನ್ನಿನಿಂದ ನಮ್ಮ ಇಯರ್‌ಫೋನಿನ ಜಾಲರಿಯನ್ನು ಚೊಕ್ಕಟ ಮಾಡಹೋಗಿ, ಜಾಲರಿ ಒಳಗೆ ಕುಸಿದು, ಪೊರೆಗೆ ತಾಗಿ, ಅಂದಿನಿಂದ ಎಡಬದಿಯಲ್ಲಿ ಜೀರುಂಡೆ ಕೂತಂತಹ ದನಿ. ಗುಮಾಸ್ತನ ಬುದ್ಧಿ ಪಿನ್ನಿನಾಚೆ ಹೋಗುವುದಿಲ್ಲವೆಂದು ಮನೆಯಲ್ಲಿ ಕೇಳಬೇಕಾಯಿತು.

ಜಾಲರಿ ಕಟ್ಟುವುದರಿಂದ ದನಿ ಕುಗ್ಗುತ್ತದೆಯಷ್ಟೆ, ಅದರಲ್ಲೇನು ಮಹಾ ಎಂದು ಕೇಳಬಹುದು. ನಮ್ಮ ಗಿರಣಿಯ ಮಗ್ಗದ ಖಾತೆಯಲ್ಲಿ ಊರ ಕಡೆಯವರೇ ಆದ ಒಬ್ಬ ಹಿರಿಯರಿದ್ದಾರೆ, ಇಪ್ಪತ್ತು ವರ್ಷದ ಸೇವೆ. ಅವರು ಒಂದು ದಿನ ನಮ್ಮ ಟೇಬಲಿನ ಬಳಿ ಬಂದು ದನಿ ತಗ್ಗಿಸಿ, "ಮಾರಾಯ್ರೆ, ನನ್ನ ಎಡಗಿವಿ ಹೋಯ್ತು ಕಾಣ್ತದೆ. ಊರಿಗೆ ಫೋನು ಮಾಡಿದರೆ ಮಗಳ ಮಾತು ಕೇಳುವುದಿಲ್ಲ. ಮೇಲಿನವರಿಗೆ ಹೇಳಬೇಡಿ" ಎಂದರು. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮಂದವಾಗುವುದು ಸುಳ್ಳಲ್ಲ. ಲಾಳಿಯ ಮಗ್ಗಗಳ ಖಾತೆಯಲ್ಲಿ ಸದ್ದು ೯೦ ಡೆಸಿಬೆಲ್ಲಿಗಿಂತ ಮೇಲೇ ಇರುತ್ತದೆ. ಅವರಿಗೆ ಕಿವಿಗಿಂತ ಕೆಲಸದ ಭಯ ಹೆಚ್ಚಾಗಿತ್ತು. ನಾವು ವಾಚನಾಲಯದ ಆ ಹುಡುಗನಿಗೆ ಹೇಳಿದ್ದನ್ನೇ ಇವರಿಗೂ ಹೇಳಿದೆವು: ತಿರುಗಿಸಿ ಹಾಕಿಕೊಳ್ಳಿ. ಈ ಬಾರಿ ಕಿವುಡು ಕಿವಿಯ ಜೊತೆಗೆ ಉಳಿಯಲಿಲ್ಲ, ಇಯರ್‌ಫೋನಿನ ಜೊತೆಗೆ ಬಲಗಿವಿಗೆ ಹೋಯಿತು. ಜಾಲರಿಯಲ್ಲಿ ಹತ್ತಿಯ ಎಳೆಯೂ ಗುಗ್ಗೆಯೂ ಸೇರಿ ಕಂಬಳಿಯಂತೆ ನೇಯ್ದುಕೊಂಡಿತ್ತು. ಬ್ರಶ್ಶಿನಿಂದ ತೆಗೆದೆವು. ಹಿರಿಯರು ಆಗಲೇ ಊರಿಗೆ ಫೋನು ಮಾಡಿದರು.

ಆದರೆ ಸಂಗತಿ ಅಲ್ಲಿಗೆ ಮುಗಿಯಲಿಲ್ಲ. ಕೇಳಿಸದ ಆ ಒಂದು ತಿಂಗಳು ಅವರು ಫೋನಿನ ದನಿಯನ್ನು ತುದಿಗೇರಿಸಿ ಇಟ್ಟಿದ್ದರು. ಕಟ್ಟಿದ್ದುದು ಒಂದು ಬದಿ, ಏರಿಸಿದ್ದು ಎರಡಕ್ಕೂ. ಕೊಳೆಯಿದ್ದ ಕಿವಿಗೆ ಸಾಕಷ್ಟು ಕೇಳುವ ಹೊತ್ತಿಗೆ, ಕೊಳೆಯಿಲ್ಲದ ಕಿವಿಗೆ ಬೀಳುತ್ತಿದ್ದ ಪೆಟ್ಟು ಎಷ್ಟೆಂದು ಊಹಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೮೦ ಡೆಸಿಬೆಲ್ಲಿನ ದನಿಯನ್ನು ವಾರಕ್ಕೆ ೪೦ ತಾಸು ಕೇಳಬಹುದು. ೯೦ಕ್ಕೇರಿದರೆ ವಾರಕ್ಕೆ ೪ ತಾಸು ಮಾತ್ರ. ೧೦೦ಕ್ಕೇರಿದರೆ ವಾರಕ್ಕೆಲ್ಲ ಸೇರಿ ೨೦ ನಿಮಿಷ. ಬ್ಯಾಂಕಿನ ಖಾತೆಯಂತೆ ಇದೊಂದು ಉಳಿತಾಯ, ತೆಗೆದದ್ದನ್ನು ಮರಳಿ ಹಾಕಲು ಬರುವುದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಡೀ ದಿನ ಮಗ್ಗದ ಸದ್ದಿನಲ್ಲಿ ಇದ್ದವನ ವಾರದ ಪಾಲು ಖಾತೆಯಲ್ಲೇ ಖರ್ಚಾಗಿರುತ್ತದೆ. ಆದುದರಿಂದ ದನಿ ಕುಗ್ಗಿತೆಂದು ಕಂಡೊಡನೆ ಬೆರಳು ಗುಂಡಿಯ ಕಡೆಗೆ ಹೋಗಬಾರದು, ಬ್ರಶ್ಶಿನ ಕಡೆಗೆ ಹೋಗಬೇಕು. ಶುಚಿ ಮಾಡಿದ ಮೇಲೂ, ತಿರುಗಿಸಿ ಹಾಕಿದಾಗಲೂ, ಅದೇ ಕಿವಿಗೆ ಕೇಳದಿದ್ದರೆ ಆಗ ವೈದ್ಯರ ಕಡೆಗೆ, ಅದೂ ಮರುದಿನವೇ.

ಗಿರಣಿಯ ಮಿತ್ರರಿಗೆ ಇನ್ನೊಂದು ಮಾತು. ಖಾತೆಯೊಳಗೆ ಇಯರ್‌ಫೋನು ಹಾಕಿ ಹಾಡು ಕೇಳಿದರೆ ಸದ್ದು ತಡೆದಂತಾಯಿತು ಎಂಬ ಭ್ರಮೆ ಕೆಲವರಿಗಿದೆ. ಅದು ತಡೆಯಲ್ಲ, ಸದ್ದಿನ ಮೇಲೆ ಸದ್ದು. ಸದ್ದು ತಡೆಯಲು ಇರುವ ಬಿರಡೆ ಬೇರೆ. ಸ್ಪಂಜಿನ ಬಿರಡೆಯನ್ನು ಕೊಳೆಯಾದೊಡನೆ ಎಸೆಯಬೇಕು, ರಬ್ಬರಿನದನ್ನು ಸೋಪಿನಿಂದ ತೊಳೆದು ಒಣಗಿಸಿ ಡಬ್ಬಿಯಲ್ಲಿಡಬೇಕು. ಹತ್ತಿಯ ಧೂಳಿನ ಕೈಯಿಂದ ಕಿವಿಗೆ ಏನನ್ನು ತೂರಿಸಿದರೂ ಧೂಳೂ ಜೊತೆಗೆ ಹೋಗುತ್ತದೆ.

ತಲೆಗೆ ಏರಿಸುವ ಹೆಡ್‌ಫೋನಿನ ಮೆತ್ತೆಯ ಕಥೆ ಬೇರೆ. ಅದರ ಮೇಲಿನ ಕಪ್ಪು ಚರ್ಮ ನಿಜವಾದ ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಎಂಬ ಪದಾರ್ಥ. ಗಾಳಿಯ ತೇವವೂ ಬೆವರೂ ಶಾಖವೂ ಸೇರಿ ಅದರ ಅಣುಗಳ ಕೊಂಡಿಯನ್ನೇ ಕಳಚುತ್ತವೆ. ಚಳಿದೇಶದಲ್ಲಿ ಹಲವು ವರ್ಷ ಬಾಳುವುದು ಇಲ್ಲಿ ಎರಡು ಮಳೆಗಾಲಕ್ಕೆ ಉದುರುವುದು ಇದರಿಂದ. ಕಾಲರಿನ ಮೇಲೆ ಕಪ್ಪು ಹುಡಿ ಕಂಡ ವಾಚಕರೊಬ್ಬರು ತಮ್ಮ ತಲೆಯಲ್ಲೇ ಏನೋ ರೋಗವೆಂದು ಹೆದರಿದ್ದರು. ಅವರ ಕ್ಷಮೆ ಕೇಳುತ್ತೇವೆ. ಇದಕ್ಕೆ ಸ್ಪಿರಿಟ್ ಹಚ್ಚಿದರೆ ಇನ್ನೂ ಬೇಗ ಬಿರಿಯುತ್ತದೆ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಇಡುವುದು ಕ್ರಮ. ಉದುರಲಾರಂಭಿಸಿದ ಮೆತ್ತೆಗೆ ಮದ್ದಿಲ್ಲ, ಬದಲಾಯಿಸಬೇಕು. ಮೆತ್ತೆ ಮಾತ್ರ ಬಿಡಿಯಾಗಿ ಸಿಗುತ್ತದೆ. ನಾವು ಹೊಸ ಮೆತ್ತೆ ತಂದು, ಗಿರಣಿಯಲ್ಲಿ ಚಿಂದಿಯೆಂದು ಹಾಕಿದ್ದ ಬನಿಯನ್ ಬಟ್ಟೆಯನ್ನು ಕೇಳಿ ಪಡೆದು, ಅಂಚಿಗೆ ಎಲಾಸ್ಟಿಕ್ ಹೊಲಿಸಿ ಟೊಪ್ಪಿಗೆಯಂತಹ ಹೊದಿಕೆ ಮಾಡಿಸಿದೆವು. ಹನ್ನೆರಡು ಜೊತೆ ಆದವು. ದನಿ ಕೊಂಚವೂ ಕುಗ್ಗಿದಂತೆ ತೋರಲಿಲ್ಲ, ಬೆವರನ್ನು ಹತ್ತಿಯೇ ಹೀರಿಕೊಳ್ಳುತ್ತದೆ.

ಒಣಗಿಸುವ ವಿಷಯದಲ್ಲಿ ನಮ್ಮವರ ನಂಬಿಕೆಗಳು ಬಹಳ. ನೀರಿಗೆ ಬಿದ್ದುದನ್ನು ಅಕ್ಕಿಯ ಡಬ್ಬದಲ್ಲಿ ಹೂಳುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೆ. ಅದರ ತೌಡು, ಹಿಟ್ಟು ಮಾತ್ರ ಜಾಲರಿಗೆ ಹೊಕ್ಕು ಒದ್ದೆಯಲ್ಲಿ ಗಂಜಿಯಾಗುತ್ತದೆ. ತವೆಯ ಪಕ್ಕ, ಭಟ್ಟಿಯ ಮೇಲಿನ ಹಲಗೆ, ಕೂದಲಾರಿಸುವ ಬಿಸಿಗಾಳಿಯ ಯಂತ್ರ, ನಡುಹಗಲಿನ ಬಿಸಿಲು ಇವೂ ಬೇಡ. ಒಳಗಿನ ಭಾಗಗಳು ನಿಂತಿರುವುದೇ ಅಂಟಿನ ಮೇಲೆ. ನೀರು ಬಿದ್ದರೆ ಕೂಡಲೇ ಫೋನಿನಿಂದ ಬಿಡಿಸಿ, ಜಾಲರಿ ಕೆಳಮುಖವಾಗಿ ಹಿಡಿದು ಬಟ್ಟೆಯ ಮೇಲೆ ಮೆಲ್ಲನೆ ತಟ್ಟಿ, ಒರೆಸಿ, ಫ್ಯಾನಿನ ಕೆಳಗೆ ನೆರಳಿನಲ್ಲಿ ಒಂದು ದಿನ ಬಿಡಬೇಕು. ಆಮೇಲೆ ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಇನ್ನೊಂದು ದಿನ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಸಿಗುವ ಆ ಬಿಳಿ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟುಕೊಳ್ಳಿ. ಮಕ್ಕಳ ಕೈಗೆ ಮಾತ್ರ ಸಿಗಬಾರದು. ಮಳೆಗಾಲದ ನಾಲ್ಕು ತಿಂಗಳು ನಾವು ರಾತ್ರಿಯೆಲ್ಲ ಇಯರ್‌ಫೋನನ್ನು ಇಂತಹ ಡಬ್ಬಿಯಲ್ಲೇ ಇಡುತ್ತೇವೆ. ಪೊಟ್ಟಣವೂ ಒಂದು ದಿನ ತೇವ ಕುಡಿದು ತುಂಬಿಹೋಗುತ್ತದೆ, ತಿಂಗಳಿಗೊಮ್ಮೆ ಬದಲಾಯಿಸಬೇಕು. ಹಪ್ಪಳದ ಡಬ್ಬಿಯ ಮುಚ್ಚಳವನ್ನು ತೆರೆದೇ ಇಟ್ಟು ಹಪ್ಪಳವನ್ನು ಬೈದರೆ ಹೇಗೋ, ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಇದೂ ಹಾಗೆಯೇ.

ವೈರಿಲ್ಲದ ಬಗೆಯದಕ್ಕೆ ಬ್ಯಾಟರಿಯ ಚಿಂತೆಯೂ ಸೇರುತ್ತದೆ. ಕಿವಿಯ ಬೆವರಿನಲ್ಲಿ ಉಪ್ಪಿದೆ. ಬೆವರು ಆರದ ಇಯರ್‌ಫೋನನ್ನು ಹಾಗೇ ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ, ಅಲ್ಲಿ ಚಾರ್ಜು ಹರಿಯುವ ಹಿತ್ತಾಳೆ ಬಣ್ಣದ ಚುಕ್ಕೆಗಳ ನಡುವೆ ಉಪ್ಪುನೀರಿನ ಮೂಲಕ ವಿದ್ಯುತ್ತು ಹರಿದು, ಕೆಲವೇ ವಾರಗಳಲ್ಲಿ ಕಿಲುಬು ಹಿಡಿಯುತ್ತದೆ. ಒಂದು ಬದಿ ಚಾರ್ಜಾಗುವುದಿಲ್ಲ ಎಂಬ ದೂರಿಗೆ ಈ ಚುಕ್ಕೆಗಳೂ ಕಾರಣವಾಗಿರಬಹುದು. ಗಾಡಿಯಿಂದ ಇಳಿದ ಮೇಲೆ ಅಂಗಿಯ ತುದಿಯಿಂದಲಾದರೂ ಒರೆಸಿ, ಸ್ವಲ್ಪ ಗಾಳಿಯಾಡಿಸಿ ಮುಚ್ಚಿ. ಪೆಟ್ಟಿಗೆಯ ಗುಂಡಿಯೊಳಗೆ ಜೇಬಿನ ನೂಲು ತುಂಬುತ್ತದೆ, ಅದನ್ನೂ ಒಣಬ್ರಶ್ಶಿನಿಂದ ತೆಗೆಯಬೇಕು. ಒದ್ದೆ ಇರುವಾಗ ಚಾರ್ಜಿಗೆ ಹಾಕಕೂಡದು. ಶಾಖ ಈ ಬ್ಯಾಟರಿಗಳ ಆಯುಸ್ಸನ್ನು ತಿನ್ನುವುದರಿಂದ ಸ್ಕೂಟರಿನ ಡಿಕ್ಕಿಯಲ್ಲೂ ಅಡಿಗೆ ಮನೆಯ ಗೂಡಿನಲ್ಲೂ ಇಡಕೂಡದು.

ಪೆಟ್ಟಿಗೆಯ ಮೇಲೆ 'ಐಪಿಎಕ್ಸ್ ೪' ಎಂದು ಬರೆದಿದ್ದನ್ನು ತೋರಿಸಿ, ಇದಕ್ಕೆ ನೀರು ತಾಗಿದರೂ ಆಗುತ್ತದೆ ಎನ್ನುವವರಿದ್ದಾರೆ. ನಾಲ್ಕು ಎಂದರೆ ಚಿಮುಕಿದ ನೀರಿಗೆ ತಡೆದೀತು ಎಂದರ್ಥವೇ ಹೊರತು ಬಾಲ್ಡಿಯಲ್ಲಿ ಮುಳುಗಿಸಬಹುದು ಎಂದಲ್ಲ. 'ಎಕ್ಸ್' ಎಂದರೆ ಧೂಳಿನ ವಿಷಯದಲ್ಲಿ ಅಂಕವನ್ನೇ ಕೊಟ್ಟಿಲ್ಲ ಎಂದು. ಅಲ್ಲದೆ ಆ ಪರೀಕ್ಷೆ ಹೊಸ ವಸ್ತುವಿನ ಮೇಲೆ, ಸಾದಾ ನೀರಿನಿಂದ ಮಾಡಿದ್ದು, ನಮ್ಮ ಬೆವರಿನಿಂದಲ್ಲ.

ಗಾಡಿಯಲ್ಲಿ ನೂರು ರೂಪಾಯಿಗೆ ಮಾರುವ ವೈರಿನ ಇಯರ್‌ಫೋನನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬ್ಯಾಟರಿಯಿಲ್ಲ, ಕಳೆದರೆ ಕರುಳು ಚುರ್ರೆನ್ನುವುದಿಲ್ಲ, ಐದು ಮಂದಿಯ ಖೋಲಿಯಲ್ಲಿ ಐದು ಮಂದಿಗೂ ಒಂದೊಂದು ಕೊಳ್ಳಬಹುದು. ಅದರ ಶತ್ರುಗಳು ಎರಡು. ಒಂದು, ಫೋನಿಗೆ ಸಿಕ್ಕಿಸುವ ೩.೫ ಮಿಲಿಮೀಟರಿನ ಕಡ್ಡಿಯ ಬುಡದಲ್ಲಿ ವೈರು ಮಡಿದು ಮಡಿದು ತುಂಡಾಗುವುದು. ವೈರನ್ನು ಹಿಡಿದು ಎಳೆಯದೆ ಕಡ್ಡಿಯನ್ನು ಹಿಡಿದು ಬಿಡಿಸಬೇಕು, ಫೋನಿಗೆ ಬಿಗಿಯಾಗಿ ಸುತ್ತದೆ ಬಳೆಯಂತೆ ಸಡಿಲವಾಗಿ ಸುತ್ತಿಡಬೇಕು. ಇನ್ನೊಂದು, ಬೆವರು ಒಳಗಿಳಿದು ತಾಮ್ರಕ್ಕೆ ಕಿಲುಬು ಹಿಡಿದು, ಪಾರದರ್ಶಕ ವೈರಾದರೆ ಹಸಿರಾಗಿ ಕಾಣುವುದು. ಕಡ್ಡಿಯನ್ನು ವಾರಕ್ಕೊಮ್ಮೆ ಒಣಬಟ್ಟೆಯಿಂದ ಉಜ್ಜಿದರೆ ಕರಕರ ಸದ್ದು ಬಹುಮಟ್ಟಿಗೆ ಹೋಗುತ್ತದೆ.

ಕಿವಿಯ ವಿಷಯಕ್ಕೆ ಮತ್ತೊಮ್ಮೆ ಬರಬೇಕು. ಗುಗ್ಗೆ ಕೊಳೆಯಲ್ಲ ಎಂದು ವೈದ್ಯರು ಹುಡುಗನಿಗೆ ಹೇಳಿದ್ದು ನಮಗೂ ಹೊಸ ಮಾತಾಗಿತ್ತು. ಅದು ಸ್ವಲ್ಪ ಹುಳಿ ಗುಣದ, ಜಿಡ್ಡಿನ ಕಾವಲು. ಧೂಳನ್ನು ಹಿಡಿದು ನಿಲ್ಲಿಸಿ, ದವಡೆಯಾಡಿಸಿದಂತೆ ತಾನಾಗಿ ಹೊರಬರುತ್ತದೆ. ಕಡ್ಡಿ ಹಾಕಿ ಕೆರೆದರೆ ಕಾವಲೂ ಹೋಗುತ್ತದೆ, ಗೀರೂ ಬೀಳುತ್ತದೆ, ಉಳಿದ ಗುಗ್ಗೆ ಇನ್ನೂ ಒಳಕ್ಕೆ ತಳ್ಳಲ್ಪಡುತ್ತದೆ. ಇಯರ್‌ಫೋನನ್ನು ತಾಸುಗಟ್ಟಲೆ ತೂರಿಸಿಟ್ಟರೂ ಅದರ ಹೊರದಾರಿ ಮುಚ್ಚಿದಂತೆಯೇ, ಮತ್ತು ಒಳಗೆ ಬೆವರು ಬೆಂದು ಬೂಷ್ಟಿಗೆ ಅನುಕೂಲವಾದ ಹಬೆ. ಸ್ನಾನ ಮಾಡಿದ ಕೂಡಲೇ ಒದ್ದೆ ಕಿವಿಗೆ ಸಿಕ್ಕಿಸಿಕೊಂಡು ಗಾಡಿಗೆ ಓಡುವ ನಮ್ಮೆಲ್ಲರ ಅಭ್ಯಾಸ ಇದರಲ್ಲಿ ಅತಿ ಕೆಟ್ಟದ್ದು. ಟವೆಲಿನ ತುದಿಯಿಂದ ಹೊರಗಿವಿ ಒರೆಸಿ, ತಲೆ ಓರೆ ಮಾಡಿ ನೀರು ಬಿಟ್ಟು, ಗಾಡಿ ದಹಿಸರ ದಾಟಿದ ಮೇಲೆ ಸಿಕ್ಕಿಸಿಕೊಂಡರೂ ಹಾಡು ಓಡಿಹೋಗುವುದಿಲ್ಲ. ನವೆ, ಕಿವಿ ತುಂಬಿದಂತೆ ಅನಿಸುವುದು, ಕಪ್ಪು ಅಥವಾ ಬಿಳಿ ಹುಡಿ ಬರುವುದು, ಸೋರುವುದು, ಇವುಗಳಲ್ಲಿ ಯಾವುದು ಕಂಡರೂ ಇಯರ್‌ಫೋನನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು. ಒಣಗಬೇಕಾದ ಸ್ಥಳಕ್ಕೆ ಎಣ್ಣೆ ಬಿಟ್ಟು ಇನ್ನಷ್ಟು ಒದ್ದೆ ಮಾಡುವುದರಲ್ಲಿ ಅರ್ಥವಿಲ್ಲ. ತಮಟೆ ತೂತಾಗಿದ್ದರಂತೂ ಎಣ್ಣೆ ನಡುಗಿವಿಗೇ ಇಳಿಯುತ್ತದೆ. ಹಿರಿಯರು ಬೇಸರಿಸಬಾರದು.

ಹಳಿ ದಾಟುವಾಗ ಇಯರ್‌ಫೋನು ಕಿವಿಯಲ್ಲಿರಕೂಡದು ಎಂಬುದನ್ನು ವಿಸ್ತರಿಸಿ ಹೇಳುವುದಿಲ್ಲ. ಹಳಿಯನ್ನೇ ದಾಟಕೂಡದು, ಸೇತುವೆ ಇದೆ.

ಹುಡುಗನ ಕಿವಿ ಮೂರನೆಯ ವಾರದ ಕೊನೆಗೆ ತೆರೆಯಿತು. ಆ ಮೂರು ವಾರ ಅವನಿಗೆ ಬೀಜಗಣಿತದ ಪಾಠಗಳನ್ನು ಸ್ಪೀಕರು ಹಚ್ಚಿ ಕೇಳಿಸಲು ರಾತ್ರಿ ಎಂಟೂವರೆಯ ಮೇಲೆ ಪತ್ರಿಕೆ ಓದುವವರು ಅನುಮತಿ ಕೊಟ್ಟರು. ಅವರಲ್ಲಿ ಒಂದಿಬ್ಬರು ಪತ್ರಿಕೆ ಮಡಿಸಿಟ್ಟು ತಾವೂ ಲೆಕ್ಕ ಮಾಡತೊಡಗಿದ್ದನ್ನು ಇಲ್ಲಿ ದಾಖಲಿಸುತ್ತೇವೆ. ಅವನು ಟೇಬಲಿನ ಕೆಲಸದಲ್ಲೇ ಉಳಿದಿದ್ದಾನೆ.

ಇನ್ನು ಮುಂದೆ ವಾಚನಾಲಯದ ಹೆಡ್‌ಫೋನು ಬೇಕಾದವರು ಮೊದಲು ಕಪಾಟಿನ ಕೆಳಗಿನ ಖಾನೆಯಿಂದ ಒಗೆದ ಹೊದಿಕೆಯ ಜೊತೆಯೊಂದನ್ನು ತೆಗೆದು ತಾವೇ ತೊಡಿಸಿಕೊಳ್ಳಬೇಕು. ಕೇಳಿ ಮುಗಿದ ಮೇಲೆ ಅದನ್ನು ಕಳಚಿ ಬಾಗಿಲ ಬಳಿಯ ನೀಲಿ ಬಾಲ್ಡಿಗೆ ಹಾಕಬೇಕು, ಮರಳಿ ಖಾನೆಗಲ್ಲ. ಭಾನುವಾರಗಳಲ್ಲಿ ಸಂಜೆ ಐದರಿಂದ ಏಳರವರೆಗೆ ಬ್ರಶ್ಶು, ಸ್ಪಿರಿಟ್, ಹತ್ತಿ, ಒಣಬಟ್ಟೆ ಮೇಜಿನ ಮೇಲಿರುತ್ತವೆ. ತಮ್ಮ ಇಯರ್‌ಫೋನು ತಂದವರಿಗೆ ನಾವು ತೋರಿಸಿಕೊಡುತ್ತೇವೆ, ಕೆಲಸ ಅವರೇ ಮಾಡಿಕೊಳ್ಳಬೇಕು. ಸಿಲಿಕಾ ಜೆಲ್ಲಿನ ಪೊಟ್ಟಣ ಮನೆಯಲ್ಲಿ ಹೆಚ್ಚಾಗಿದ್ದರೆ ತಂದುಕೊಡಿ. ಗುಂಡುಪಿನ್ನು ತರುವುದು ಬೇಡ.